ರೆವರೆಂಡ್ ಕಿಟ್ಟೆಲರ ನಿತ್ಯಸಾಧನೆ

ಮಹಾಪುರುಷರ ಚರಿತ್ರೆಯನ್ನು ಓದುವಾಗ ನಮ್ಮ ಕಣ್ಣು ಅವರ ಬಾಳಿನ ಶಿಖರಗಳ ಮೇಲೆಯೇ ನಿಲ್ಲುತ್ತದೆ. ಅವರು ಗೆದ್ದ ದಿನ, ಗೌರವ ಪಡೆದ ದಿನ, ಗ್ರಂಥ ಹೊರಬಂದ ದಿನ, ಇವೇ ನಮ್ಮ ನೆನಪಿನಲ್ಲಿ ಉಳಿಯುತ್ತವೆ. ಆ ಒಂದು ದಿನದ ಹಿಂದೆ ಯಾರ ಗಮನಕ್ಕೂ ಬಾರದೆ ಸಂದುಹೋದ ಸಾವಿರಾರು ಸಾಮಾನ್ಯ ದಿನಗಳನ್ನು ಕುರಿತು ನಾವು ಆಲೋಚಿಸುವುದಿಲ್ಲ. ಮನುಷ್ಯನ ಶೀಲವಾದರೋ ರೂಪುಗೊಳ್ಳುವುದು ಆ ಸಾಮಾನ್ಯ ದಿನಗಳಲ್ಲಿಯೇ. ಈ ಮಾತು ನನಗೆ ಮನದಟ್ಟಾದದ್ದು ರೆವರೆಂಡ್ ಫರ್ಡಿನೆಂಡ್ ಕಿಟ್ಟೆಲರ ಜೀವನವನ್ನು ಓದಿದ ಮೇಲೆ. ನನ್ನ ಅಲ್ಪಮತಿಗೆ ತಿಳಿದಷ್ಟನ್ನು ಸಹಪಾಠಿಗಳ ಮತ್ತು ಗುರುಗಳ ಮುಂದೆ ಇಡುತ್ತಿದ್ದೇನೆ.

ಮೊದಲು ನನ್ನ ವಿಷಯವಾಗಿ ಎರಡು ಮಾತು ಹೇಳಬೇಕು. ನಾನು ಜಾಲಹಳ್ಳಿಯವನು. ನಮ್ಮ ತಂದೆಯವರು ಪೀಣ್ಯದ ಒಂದು ಚಿಕ್ಕ ವರ್ಕ್‌ಷಾಪಿನಲ್ಲಿ ಟರ್ನರ್ ಆಗಿದ್ದಾರೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ನಮ್ಮದು ಕ್ರೈಸ್ತ ಕುಟುಂಬ. ಅಜ್ಜಿಗೆ ಓದು ಬಾರದು. ಆದರೆ ಹೊತ್ತು ಹುಟ್ಟುವುದಕ್ಕೆ ಮುಂಚೆ ಎದ್ದು ಪ್ರಾರ್ಥನೆ ಮಾಡುವುದನ್ನು ಆಕೆ ಒಂದು ದಿನವೂ ತಪ್ಪಿಸಿದವಳಲ್ಲ. ರಾತ್ರಿ ಊಟಕ್ಕೆ ಮುಂಚೆ ಮನೆಯವರೆಲ್ಲ ಕುಳಿತು ಸತ್ಯವೇದದ ಒಂದು ಅಧ್ಯಾಯವನ್ನು ಓದುವುದು ನಮ್ಮಲ್ಲಿ ವಾಡಿಕೆ. ಅಕ್ಷರ ಕೂಡಿಸಿ ಓದಲು ಬಂದಾಗಿನಿಂದ ಆ ಕೆಲಸ ನನ್ನದಾಗಿತ್ತು. ಎರಡನೆಯ ವರ್ಷದ ಬಿ.ಎ.ಗೆ ಬಂದಮೇಲೆ ನಾನು ಅದನ್ನು ಬಿಟ್ಟೆ. ಪರೀಕ್ಷೆಯ ನೆಪ ಹೇಳುತ್ತಿದ್ದೆ. ನಿಜವಾಗಿ ನನಗೆ ನಾಚಿಕೆಯಾಗಿತ್ತು. ದಿನವೂ ಅದೇ ಓದು, ಅದೇ ಪ್ರಾರ್ಥನೆ, ಇದು ವಿದ್ಯೆಯಿಲ್ಲದವರ ಅಭ್ಯಾಸ, ತಿಳಿದವನಿಗೆ ತತ್ತ್ವವೊಂದಿದ್ದರೆ ಸಾಕು ಎಂದು ಭಾವಿಸಿದ್ದೆ. ಅಜ್ಜಿ ನನ್ನನ್ನು ಒತ್ತಾಯಿಸಲಿಲ್ಲ. ಓದುವವರಿಲ್ಲದ ರಾತ್ರಿಗಳಲ್ಲಿ ಪುಸ್ತಕವನ್ನು ತೊಡೆಯ ಮೇಲೆ ಇಟ್ಟುಕೊಂಡು ಸುಮ್ಮನೆ ಕುಳಿತಿರುತ್ತಿದ್ದಳು.

ಹೀಗಿರುವಾಗ ಒಂದು ದಿನ ನಮ್ಮ ಕನ್ನಡ ಅಧ್ಯಾಪಕರು ಹಳಗನ್ನಡ ಪಾಠದಲ್ಲಿ ಬಂದ ‘ಪೊೞ್ತು’ ಎಂಬ ಶಬ್ದದ ಅರ್ಥವನ್ನು ಕೇಳಿದರು. ತರಗತಿಯಲ್ಲಿ ಯಾರಿಂದಲೂ ಉತ್ತರ ಬರಲಿಲ್ಲ. ಗ್ರಂಥಾಲಯಕ್ಕೆ ಹೋಗಿ ಕಿಟ್ಟೆಲ್ ಕೋಶವನ್ನು ನೋಡಿ ಬರುವಂತೆ ನನಗೆ ಅಪ್ಪಣೆಯಾಯಿತು. ಮದರಾಸು ವಿಶ್ವವಿದ್ಯಾನಿಲಯವು ಪ್ರಾಧ್ಯಾಪಕ ಎಂ. ಮರಿಯಪ್ಪ ಭಟ್ಟರಿಂದ ಪರಿಷ್ಕರಿಸಿ 1968ರಿಂದ 1971ರವರೆಗೆ ಪ್ರಕಟಿಸಿದ ನಾಲ್ಕು ಸಂಪುಟಗಳು ಕೆಳಗಿನ ಅರೆಯಲ್ಲಿ ಧೂಳು ಹಿಡಿದಿದ್ದವು. ತೆರೆದು ನೋಡಿದೆ. ಪೊೞ್ತು ಎಂದರೆ ನಮ್ಮ ‘ಹೊತ್ತು’. ಹೊತ್ತು ಎಂದರೆ ಸೂರ್ಯ. ಹೊತ್ತು ಎಂದರೆ ಕಾಲ. ಹೊತ್ತು ಹುಟ್ಟಿತು, ಹೊತ್ತು ಮುಳುಗಿತು ಎಂದು ನನ್ನ ಅಜ್ಜಿ ದಿನವೂ ಆಡುವ ಮಾತಿನ ಬೇರು ಸಾವಿರ ವರ್ಷದ ಹಿಂದಿನ ಕಾವ್ಯಗಳಲ್ಲಿತ್ತು! ಓದುಬಾರದ ನನ್ನ ಅಜ್ಜಿಯ ಬಾಯಲ್ಲಿದ್ದ ಮಾತನ್ನು ಗೌರವದಿಂದ ಹಿಡಿದಿಟ್ಟವರು ಕಡಲಾಚೆಯಿಂದ ಬಂದ ಒಬ್ಬ ಪಾದ್ರಿಗಳು. ಅವರು ಯಾರು, ಏಕೆ ಈ ಕೆಲಸ ಮಾಡಿದರು ಎಂದು ತಿಳಿಯುವ ಆಸೆ ಅಂದು ಹುಟ್ಟಿತು.

ಜರ್ಮನಿಯ ವಾಯವ್ಯ ಮೂಲೆಯಲ್ಲಿ, ಉತ್ತರ ಸಮುದ್ರದ ದಡದಲ್ಲಿ, ಪೂರ್ವ ಫ್ರೀಸಿಯಾ ಎಂಬ ಪ್ರಾಂತವಿದೆ. ಬೆಟ್ಟಗುಡ್ಡಗಳಿಲ್ಲದ ಸಮತಟ್ಟಾದ ನೆಲ. ಅಲ್ಲಿನ ರೆಸ್ಟರ್‌ಹಾಫೆ ಎಂಬ ಗ್ರಾಮದಲ್ಲಿ 1832ರಲ್ಲಿ ಕಿಟ್ಟೆಲರು ಜನಿಸಿದರು. ತಂದೆ ಸಭಾಪಾಲಕರು. ಬಾಲಕ ಫರ್ಡಿನೆಂಡನಿಗೆ ಭಾಷೆಗಳನ್ನು ಕಲಿಯುವುದರಲ್ಲಿ ಅಸಾಧಾರಣ ಶ್ರದ್ಧೆ. ಶಾಲಾದಿನಗಳಲ್ಲಿಯೇ ಹೀಬ್ರೂ, ಗ್ರೀಕ್, ಲ್ಯಾಟಿನ್ ಭಾಷೆಗಳ ಪರಿಚಯವಾಯಿತು. ವಿಶ್ವವಿದ್ಯಾನಿಲಯಕ್ಕೆ ಸೇರಿ ಪಂಡಿತನಾಗಬಹುದಾಗಿದ್ದ ಆ ಯುವಕನು 1850ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ನಿನ ವಿದ್ಯಾಲಯವನ್ನು ಸೇರಿದನು.

ಈ ಬಾಸೆಲ್ ಮಿಶನ್ 1815ರಲ್ಲಿ ಸ್ಥಾಪಿತವಾದುದು. ಅದರ ಹಿಂದೆ ದಕ್ಷಿಣ ಜರ್ಮನಿಯ ಭಕ್ತಿಮಾರ್ಗದ ಕ್ರೈಸ್ತರ ಒಂದು ಪರಂಪರೆಯಿತ್ತು. ದೇವಾಲಯಕ್ಕೆ ಹೋಗಿಬಂದ ಮಾತ್ರಕ್ಕೆ, ಸಿದ್ಧಾಂತವನ್ನು ಒಪ್ಪಿಕೊಂಡ ಮಾತ್ರಕ್ಕೆ ಯಾವನೂ ಕ್ರೈಸ್ತನಾಗುವುದಿಲ್ಲ. ದಿನದಿನದ ನಡೆಯಲ್ಲಿ ಅದು ಕಾಣಬೇಕು ಎಂಬುದು ಅವರ ನಿಲುವು. ಆದುದರಿಂದ ಅವರು ಸಣ್ಣ ಸಣ್ಣ ನಿಯಮಗಳಿಗೆ ದೊಡ್ಡ ಬೆಲೆ ಕೊಟ್ಟರು. ಬೆಳಗಿನ ಪ್ರಾರ್ಥನೆ, ವೇದಪಠನ, ಏಕಾಂತದಲ್ಲಿ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವುದು, ಹೊತ್ತು ಹೊತ್ತಿಗೆ ಮಾಡಬೇಕಾದ ಕೆಲಸವನ್ನು ಮುಂದೂಡದೆ ಮಾಡುವುದು, ಇವೇ ಆ ನಿಯಮಗಳು. ಬಾಸೆಲಿನ ವಿದ್ಯಾರ್ಥಿಗಳು ಪಾಠದ ಜೊತೆಗೆ ಕೈಕೆಲಸವನ್ನೂ ಮಾಡಬೇಕಾಗಿತ್ತು. ಗ್ರೀಕ್ ಓದಿದ ಕೈ ಗುದ್ದಲಿ ಹಿಡಿಯುವುದಕ್ಕೆ ಹಿಂಜರಿಯಬಾರದೆಂಬುದು ಅಲ್ಲಿಯ ಶಿಕ್ಷಣದ ತಾತ್ಪರ್ಯ. ಮುಂದೆ ಇದೇ ಮಿಶನ್ನಿನವರು ಮಂಗಳೂರಿನಲ್ಲಿ ಮುದ್ರಣಾಲಯ, ನೇಯ್ಗೆಯ ಕಾರ್ಖಾನೆ, ಹಂಚಿನ ಕಾರ್ಖಾನೆಗಳನ್ನು ತೆರೆದದ್ದು ಆಕಸ್ಮಿಕವಲ್ಲ.

1853ರಲ್ಲಿ, ಇಪ್ಪತ್ತೊಂದು ವರ್ಷದ ತರುಣನಾಗಿ, ಅಂದರೆ ಹೆಚ್ಚು ಕಡಿಮೆ ಇಂದಿನ ನಮ್ಮ ವಯಸ್ಸಿನಲ್ಲಿ, ಕಿಟ್ಟೆಲರು ಹಿಂದೂಸ್ಥಾನಕ್ಕೆ ಬಂದರು. ಮಿಶನ್ನಿನವರು ಮಂಗಳೂರಿಗೆ ಬಂದು ನೆಲೆಸಿ ಆಗಲೇ ಹತ್ತೊಂಬತ್ತು ವರ್ಷಗಳಾಗಿದ್ದವು. ಹೆರ್ಮನ್ ಮೋಗ್ಲಿಂಗರು 1843ರಲ್ಲಿ ಕನ್ನಡದ ಪ್ರಥಮ ವೃತ್ತಪತ್ರಿಕೆಯಾದ ಮಂಗಳೂರ ಸಮಾಚಾರವನ್ನು ಹೊರಡಿಸಿ ಹತ್ತು ವರ್ಷ ಸಂದಿತ್ತು. ಧಾರವಾಡದ ಸೀಮೆ, ಮಂಗಳೂರು, ಮಡಿಕೇರಿ, ಈ ಕಡೆಗಳಲ್ಲಿ ಕಿಟ್ಟೆಲರ ಸೇವೆ ನಡೆಯಿತು. ಜನರ ನಡುವೆ ಜನರಂತೆ ಇರಬೇಕು, ಅವರ ಮಾತನ್ನು ಅವರಂತೆಯೇ ಆಡಬೇಕು ಎಂಬುದು ಆ ತರುಣನ ಹಂಬಲವಾಗಿತ್ತು. ಈ ಹುಮ್ಮಸ್ಸು ಸಂಸ್ಥೆಯ ಹಿರಿಯರಿಗೆಲ್ಲ ರುಚಿಸಲಿಲ್ಲ. ಹಿರಿಯರೊಡನೆ ಭಿನ್ನಾಭಿಪ್ರಾಯಗಳು ಬಂದವು. ತನ್ನವರ ನಡುವೆಯೇ ಒಂಟಿಯಾಗುವ ಕಷ್ಟವನ್ನು ಅವರು ಚಿಕ್ಕ ವಯಸ್ಸಿನಲ್ಲಿಯೇ ಅನುಭವಿಸಿದರು.

ಪರಭಾಷೆಯನ್ನು ಕಲಿಯುವುದೆಂದರೇನು? ಅದು ಬರಿಯ ಬುದ್ಧಿಯ ಕೆಲಸವಲ್ಲ ಎಂದು ನನಗೆ ತೋರುತ್ತದೆ. ಬೋಧಿಸಲೆಂದು ಬಂದವನು ಮೊದಲು ಬೋಧಿಸಿಕೊಳ್ಳಬೇಕು. ಹೀಬ್ರೂ ಬಲ್ಲ ವಿದ್ವಾಂಸನು ಸಂತೆಯ ಹೆಂಗಸಿನ ಮುಂದೆ ಮಗುವಿನಂತೆ ತೊದಲಬೇಕು. ತಪ್ಪು ಮಾತಾಡಿ ನಗೆಗೀಡಾಗಬೇಕು, ಮರುದಿನ ಮತ್ತೆ ಹೋಗಿ ಮಾತಾಡಬೇಕು. ವಿನಯವನ್ನು ಉಪದೇಶದಿಂದ ಕಲಿಯುವುದು ಕಷ್ಟ. ಇಂಥ ದಿನಚರಿಯಿಂದ ಅದು ತಾನಾಗಿಯೇ ಬರುತ್ತದೆ. ಕಿಟ್ಟೆಲರು ಆಡುಮಾತನ್ನು ಕಲಿತು ಅಲ್ಲಿಗೇ ನಿಲ್ಲಲಿಲ್ಲ. ಕನ್ನಡದ ಛಂದಸ್ಸನ್ನು ಕಲಿತರು. 1862ರಲ್ಲಿ ಯೇಸುಸ್ವಾಮಿಯ ಚರಿತ್ರೆಯನ್ನು ಈ ದೇಶದ ಪದ್ಯರೀತಿಯಲ್ಲಿಯೇ ರಚಿಸಿ ‘ಕಥಾಮಾಲೆ’ ಎಂದು ಪ್ರಕಟಿಸಿದರು. ತಮ್ಮ ದೇವರ ಕಥೆಯನ್ನು ಹೇಳುವುದಕ್ಕೂ ಅವರು ನಮ್ಮ ಹಾಡಿನ ದಾರಿಯನ್ನೇ ಹಿಡಿದರೆಂಬುದು ಗಮನಿಸತಕ್ಕ ವಿಷಯ.

ದುಃಖವೂ ಅವರನ್ನು ಬಿಡಲಿಲ್ಲ. 1860ರಲ್ಲಿ ಅವರು ಪೌಲೀನ ಐಟ್ ಎಂಬಾಕೆಯನ್ನು ವಿವಾಹವಾದರು. ಕೆಲವೇ ವರ್ಷಗಳಲ್ಲಿ ಆಕೆ ತೀರಿಕೊಂಡಳು. ಪುಟ್ಟ ಮಕ್ಕಳನ್ನು ಇಟ್ಟುಕೊಂಡು ಪರದೇಶದಲ್ಲಿ ಒಂಟಿಯಾದ ತಂದೆಯ ಸ್ಥಿತಿಯನ್ನು ಊಹಿಸಿಕೊಳ್ಳಬಹುದು. ಮುಂದೆ ಆಕೆಯ ತಂಗಿ ಯೂಲಿಯನ್ನು ಮದುವೆಯಾದರು. ಸಂಕಟಕಾಲದಲ್ಲಿ ಮನುಷ್ಯನಿಗೆ ಹೊಸದಾಗಿ ಧೈರ್ಯ ಸಂಪಾದಿಸಿಕೊಳ್ಳಲು ಸಮಯವಿರುವುದಿಲ್ಲ. ಸುಖದ ದಿನಗಳಲ್ಲಿ ತಪ್ಪದೆ ನಡೆಸಿಕೊಂಡು ಬಂದ ನಿಯಮವೇ ಆಗ ಊರುಗೋಲಾಗುತ್ತದೆ. ಕಿಟ್ಟೆಲರ ಕೆಲಸ ನಿಲ್ಲಲಿಲ್ಲ. ಅವರ ಮಹತ್ತಾದ ಗ್ರಂಥಗಳೆಲ್ಲ ಈ ದುಃಖದ ಈಚೆಗೆ ಬಂದವು ಎಂಬುದನ್ನು ನೆನೆಯಬೇಕು.

1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನೂ 1875ರಲ್ಲಿ ನಾಗವರ್ಮನ ಛಂದೋಂಬುಧಿಯನ್ನೂ ಅವರು ಸಂಪಾದಿಸಿ ಮಂಗಳೂರಿನ ಮಿಶನ್ ಮುದ್ರಣಾಲಯದಲ್ಲಿ ಅಚ್ಚು ಹಾಕಿಸಿದರು. ಇವುಗಳಲ್ಲಿ ಮೊದಲನೆಯದು ಜೈನಕವಿಯ ಕೃತಿ. ಓಲೆಗರಿಗಳಲ್ಲಿ ಅಡಗಿದ್ದ ನಮ್ಮ ವ್ಯಾಕರಣ ಛಂದಸ್ಸುಗಳು ಒಬ್ಬ ಕ್ರೈಸ್ತ ಪಾದ್ರಿಗಳ ಕೈಯಿಂದ ಸಂಸ್ಕಾರ ಪಡೆದು ವಿದ್ವತ್‌ಪ್ರಪಂಚಕ್ಕೆ ಬಂದವು.

ಇನ್ನು ನಿಘಂಟಿನ ವಿಷಯ. ಕನ್ನಡಕ್ಕೆ ಇಂಗ್ಲಿಷಿನಲ್ಲಿ ಅರ್ಥ ಕೊಡುವ ಕೋಶ ಅದಕ್ಕೆ ಮುಂಚೆ ಇರಲಿಲ್ಲವೆಂದಲ್ಲ. ವಿಲಿಯಂ ರೀವರು 1832ರಲ್ಲಿ ಒಂದನ್ನು ಪ್ರಕಟಿಸಿದ್ದರು. ಕಿಟ್ಟೆಲರು ಹುಟ್ಟಿದ ವರ್ಷವೇ ಅದು. ಡೇನಿಯಲ್ ಸ್ಯಾಂಡರ್ಸನ್ನರು 1858ರಲ್ಲಿ ಅದನ್ನು ಪರಿಷ್ಕರಿಸಿದರು. ಆದರೆ ಕಿಟ್ಟೆಲರ ಸಂಕಲ್ಪ ಬೇರೆಯದು. ಶಬ್ದಕ್ಕೆ ಅರ್ಥ ಬರೆದರೆ ಸಾಲದು. ಆ ಶಬ್ದ ಎಲ್ಲಿ ಬಳಕೆಯಾಗಿದೆಯೆಂದು ತೋರಿಸಬೇಕು. ಹಳಗನ್ನಡದಲ್ಲಿ ಅದರ ರೂಪವೇನು, ತಮಿಳು ತೆಲುಗು ಮಲೆಯಾಳ ತುಳುಗಳಲ್ಲಿ ಅದರ ಬಂಧುಗಳು ಯಾರು, ಸಂಸ್ಕೃತದಿಂದ ಬಂದದ್ದೋ ನಮ್ಮದೇ ಆದುದೋ, ಇವನ್ನೆಲ್ಲ ಪರಿಶೀಲಿಸಬೇಕು. ಬಸವಪುರಾಣ, ಜೈಮಿನಿ ಭಾರತ ಮುಂತಾದ ಕಾವ್ಯಗಳಿಂದ ಪ್ರಯೋಗಗಳನ್ನು ತೆಗೆದರು. ಅಷ್ಟೇ ಆದರದಿಂದ ಜನರ ಬಾಯಲ್ಲಿದ್ದ ಗಾದೆಗಳನ್ನೂ ಸೇರಿಸಿದರು. ಪುಸ್ತಕದಲ್ಲಿ ಸಿಕ್ಕದ ಮಾತು ಮೈಸೂರು ಸೀಮೆಯದಾದರೆ ಅದಕ್ಕೊಂದು ಗುರುತು, ದಕ್ಷಿಣ ಮಹಾರಾಷ್ಟ್ರವೆಂದು ಆಗ ಕರೆಯುತ್ತಿದ್ದ ಧಾರವಾಡದ ಕಡೆಯದಾದರೆ ಮತ್ತೊಂದು ಗುರುತು ಇಟ್ಟರು. ಊರಿನ ಪಂಡಿತರನ್ನು ಕೂರಿಸಿಕೊಂಡು ಕೇಳಿದರು. ಅವರ ನೆರವನ್ನು ಮುನ್ನುಡಿಯಲ್ಲಿ ಸ್ಮರಿಸಲು ಮರೆಯಲಿಲ್ಲ.

ನಾನೊಂದು ಲೆಕ್ಕ ಹಾಕಿ ನೋಡಿದೆ. ಕೋಶದಲ್ಲಿರುವ ಶಬ್ದಗಳು ಸುಮಾರು 70,000. ಅದಕ್ಕೆ ಹಿಡಿದ ಕಾಲ ಸುಮಾರು 20 ವರ್ಷ. ಭಾನುವಾರಗಳನ್ನು ಬಿಟ್ಟರೆ ದಿನಕ್ಕೆ ಹನ್ನೊಂದು ಶಬ್ದಗಳಾಗುತ್ತವೆ. ಹನ್ನೊಂದು! ಇದು ಕೇಳುವುದಕ್ಕೆ ಎಷ್ಟು ಸಣ್ಣ ಸಂಖ್ಯೆ! ನಮ್ಮಲ್ಲಿ ಯಾರು ಬೇಕಾದರೂ ಒಂದು ದಿನಕ್ಕೆ ಹನ್ನೊಂದು ಶಬ್ದಗಳನ್ನು ಬರೆಯಬಹುದು. ಮಾರನೆಯ ದಿನವೂ ಬರೆಯಬಹುದು. ಮೂರನೆಯ ದಿನ ಸ್ನೇಹಿತರು ಕರೆಯುತ್ತಾರೆ, ನಾಲ್ಕನೆಯ ದಿನ ತಲೆನೋವು, ಐದನೆಯ ದಿನ ಇದರಿಂದ ಯಾರಿಗೆ ಏನು ಪ್ರಯೋಜನವೆಂಬ ಸಂಶಯ. ಕಿಟ್ಟೆಲರಿಗೂ ಈ ಸಂಶಯ ಬರಲು ಕಾರಣಗಳು ಬೇಕಾದಷ್ಟಿದ್ದವು. ಜ್ವರದ ದೇಶ, ಮನೆಯ ತಾಪತ್ರಯ. ಧರ್ಮಪ್ರಸಾರಕ್ಕೆಂದು ಬಂದವನಿಗೆ ಈ ಶಬ್ದಗಳ ಗೊಡವೆಯೇಕೆಂದು ಕೇಳಬಹುದಾದ ಜನ. ಆದರೂ ಹನ್ನೊಂದರ ಮೇಲೆ ಹನ್ನೊಂದು ಕೂಡುತ್ತಾ ಹೋಯಿತು. ಹೀಗೆ ಕೂಡಿದ್ದು ಶಬ್ದಗಳು ಮಾತ್ರವಲ್ಲ. ಸಹನೆ ಕೂಡಿತು, ಸತ್ಯನಿಷ್ಠೆ ಕೂಡಿತು. ಅರ್ಥ ಗೊತ್ತಿಲ್ಲದ ಶಬ್ದಕ್ಕೆ ಊಹೆಯಿಂದ ಅರ್ಥ ಬರೆದು ಮುಂದೆ ಹೋಗುವುದು ಸುಲಭ. ತಡೆದು, ಬಲ್ಲವರನ್ನು ಹುಡುಕಿ, ಕೇಳಿ ಬರೆಯುವುದು ಸುಳ್ಳಾಡದೆ ಇರುವ ವ್ರತದ ಒಂದು ಅಂಗವೇ ಸರಿ.

ಇಲ್ಲಿ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಕಿಟ್ಟೆಲರು ಬಂದದ್ದು ಕನ್ನಡದ ಸೇವೆಗೆಂದಲ್ಲ; ತಮ್ಮ ಮತವನ್ನು ಸಾರುವುದಕ್ಕೆಂದು. ಈ ದೇಶದ ಧರ್ಮಗಳನ್ನು ಕುರಿತು ಅವರು ಬರೆದ ಬರಹಗಳಲ್ಲಿ ಹತ್ತೊಂಬತ್ತನೆಯ ಶತಮಾನದ ಪಾಶ್ಚಾತ್ಯ ಪಾದ್ರಿಗಳ ದೃಷ್ಟಿಯೇ ಕಾಣುತ್ತದೆ. ಅದನ್ನು ಇಂದು ನಾವೆಲ್ಲ ಒಪ್ಪಲಾರೆವು. ಕ್ರೈಸ್ತನಾದ ನಾನೂ ಪೂರ್ತಿಯಾಗಿ ಒಪ್ಪಲಾರೆ. ಆದರೆ ಅವರ ನಿಘಂಟನ್ನು ತೆರೆಯಿರಿ. ಅಲ್ಲಿ ಶೈವರ ಶಬ್ದ, ಜೈನರ ಶಬ್ದ, ವೈಷ್ಣವರ ಶಬ್ದ, ರೈತನ ಶಬ್ದ, ನೇಕಾರನ ಶಬ್ದ ಎಲ್ಲವೂ ಒಂದೇ ಪಂಕ್ತಿಯಲ್ಲಿ ಕುಳಿತಿವೆ. ಆಡಲೆಂದು ಬಂದವರು ದಿನವೂ ಕೇಳಿ ಕೇಳಿ, ಕೇಳುವವರಾದರು. ನಿತ್ಯದ ಸಾಧನೆ ಮನುಷ್ಯನನ್ನು ಅವನ ಅಭಿಪ್ರಾಯಗಳಿಗಿಂತಲೂ ದೊಡ್ಡವನನ್ನಾಗಿ ಮಾಡುತ್ತದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ನನಗೆ ತಿಳಿಯದು. ಪರರನ್ನು ತನ್ನಂತೆ ಪ್ರೀತಿಸಬೇಕೆಂಬುದು ನಮ್ಮ ಮತದ ತಿರುಳು. ಪರರ ಮಾತಿಗೆ ಇಪ್ಪತ್ತು ವರ್ಷ ಕಿವಿಗೊಡುವುದು ಪ್ರೀತಿಯಲ್ಲದೆ ಮತ್ತೇನು?

1877ರಲ್ಲಿ ಕಿಟ್ಟೆಲರು ಜರ್ಮನಿಗೆ ಹಿಂದಿರುಗಿದರು. ಕೋಶ ಮುಗಿದಿರಲಿಲ್ಲ. ಹೆಚ್ಚಿನ ಸಾಮಗ್ರಿ ಬೇಕಾಗಿತ್ತು. 1883ರಲ್ಲಿ, ಐವತ್ತು ದಾಟಿದ ವಯಸ್ಸಿನಲ್ಲಿ, ಮತ್ತೆ ಹಡಗು ಹತ್ತಿ ಕನ್ನಡ ನಾಡಿಗೆ ಬಂದರು. 1892ರಲ್ಲಿ ಕೊನೆಯ ಬಾರಿಗೆ ಇಲ್ಲಿಂದ ಹೊರಟರು. 1894ರಲ್ಲಿ ಮಂಗಳೂರಿನಲ್ಲಿ ನಿಘಂಟು ಹೊರಬಂತು. ಪುಟಗಳ ಸಂಖ್ಯೆ 1,700ಕ್ಕೂ ಹೆಚ್ಚು. 1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯವು ಅವರಿಗೆ ಗೌರವ ಡಾಕ್ಟರೇಟ್ ಪದವಿಯನ್ನು ಕೊಟ್ಟಿತು. ಇಷ್ಟಾದ ಮೇಲಾದರೂ ವಿಶ್ರಾಂತಿ ಪಡೆದರೆ? ಇಲ್ಲ. ಹಳಗನ್ನಡ, ನಡುಗನ್ನಡ, ಹೊಸಗನ್ನಡ ಈ ಮೂರನ್ನೂ ಒಳಗೊಂಡ ವ್ಯಾಕರಣವೊಂದನ್ನು ಇಂಗ್ಲಿಷಿನಲ್ಲಿ ಬರೆದರು. ಅದು 1903ರಲ್ಲಿ ಪ್ರಕಟವಾಯಿತು. ಅದೇ ವರ್ಷ ಡಿಸೆಂಬರ್ ತಿಂಗಳಲ್ಲಿ ಟ್ಯೂಬಿಂಗೆನ್ನಿನಲ್ಲಿ ಅವರು ದೈವಾಧೀನರಾದರು.

ಧಾರವಾಡದ ಕಾಲೇಜು ಅವರ ಹೆಸರನ್ನು ಹೊತ್ತಿದೆ. ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯ ಬಳಿ ಅವರ ಪ್ರತಿಮೆಯನ್ನು ನಿಲ್ಲಿಸಿದ್ದಾರೆ. ಮುಂದೆ ಕನ್ನಡ ಸಾಹಿತ್ಯ ಪರಿಷತ್ತು ಎಂಟು ಸಂಪುಟಗಳ ಬೃಹತ್ ನಿಘಂಟನ್ನು ತಂದಿತು. ಅನೇಕ ವಿದ್ವಾಂಸರು ದಶಕಗಳ ಕಾಲ ದುಡಿದ ಮೇಲೆ 1995ರಲ್ಲಿ ಅದು ಪೂರ್ಣವಾಯಿತು. ಅದನ್ನು ನೆನೆದಾಗ ಕಿಟ್ಟೆಲರ ಶ್ರಮದ ಅಳತೆ ಇನ್ನೂ ಚೆನ್ನಾಗಿ ತಿಳಿಯುತ್ತದೆ.

ಕ್ರೈಸ್ತ ಮತದಲ್ಲಿ ಪ್ರೀತಿ, ಸಹನೆ ಮೊದಲಾದ ಗುಣಗಳನ್ನು ಫಲಗಳೆಂದು ಕರೆಯುವ ವಾಡಿಕೆಯಿದೆ. ಹಿಂದೆ ನಾನು ಈ ಮಾತನ್ನು ಬರಿಯ ಅಲಂಕಾರವೆಂದು ತಿಳಿದಿದ್ದೆ. ಫಲವನ್ನು ಯಾರೂ ಒಂದು ದಿನದಲ್ಲಿ ಮಾಡಲಾರರು. ದಿನವೂ ನೀರೆರೆಯಬಹುದು, ಅಷ್ಟೆ, ಬೆಳೆಸುವಾತ ದೇವರು. ಹಾಗೆಂದು ನೀರೆರೆಯದೆ ಇದ್ದರೆ ಗಿಡ ಉಳಿಯದು. ನಿತ್ಯದ ಪ್ರಾರ್ಥನೆ, ನಿತ್ಯದ ಓದು, ನಿತ್ಯದ ದುಡಿಮೆ ಇವು ನೀರು. ಇವನ್ನು ಯಾಂತ್ರಿಕವೆಂದು ಜರೆದು ನಾನು ಬಿಟ್ಟಿದ್ದೆ. ಬಿಟ್ಟ ಮೇಲೆ ನನ್ನ ತತ್ತ್ವವೇನೂ ಹುಲುಸಾಗಿ ಬೆಳೆಯಲಿಲ್ಲ. ಸಿಡುಕು ಬೆಳೆಯಿತು, ಹಿರಿಯರ ಮೇಲೆ ತಾತ್ಸಾರ ಬೆಳೆಯಿತು.

ಒಂದು ಶನಿವಾರ ತಂದೆಯವರಿಗೆ ಊಟ ಕೊಡಲು ವರ್ಕ್‌ಷಾಪಿಗೆ ಹೋಗಿದ್ದೆ. ಅವರು ಲೇತಿನಿಂದ ಒಂದೊಂದು ಜಾಬನ್ನೂ ತೆಗೆದು ವರ್ನಿಯರ್ ಹಿಡಿದು ಅಳೆದು ಪಕ್ಕಕ್ಕಿಡುತ್ತಿದ್ದರು. ಮೇಲ್ವಿಚಾರಕರು ಅಲ್ಲಿರಲಿಲ್ಲ. ನೂರರಲ್ಲಿ ಹತ್ತನ್ನು ಅಳೆದರೆ ಸಾಕಲ್ಲವೇ ಎಂದು ಕೇಳಿದೆ. ಅವರು ಉತ್ತರ ಕೊಡದೆ ಮುಂದಿನ ಜಾಬನ್ನು ಅಳೆದರು. ಕಿಟ್ಟೆಲರ ಹನ್ನೊಂದು ಶಬ್ದಗಳು ನನಗೆ ನೆನಪಾದವು. ಶೀಲವೆಂದರೇನೆಂದು ತಿಳಿಯಲು ನಾನು ಜರ್ಮನಿಯವರೆಗೆ ಹೋಗಿ ಬಂದಿದ್ದೆ. ಅದು ಪೀಣ್ಯದಲ್ಲಿ, ನಮ್ಮ ಮನೆಯವರ ಕೈಯಲ್ಲಿಯೇ ಇತ್ತು.

ಅಂದು ರಾತ್ರಿ ಊಟಕ್ಕೆ ಮುಂಚೆ ನಾನು ಪುಸ್ತಕ ತೆಗೆದುಕೊಂಡು ಅಜ್ಜಿಯ ಪಕ್ಕ ಕುಳಿತೆ. ಎಲ್ಲಿಗೆ ನಿಂತಿತ್ತೆಂದು ನನಗೆ ಮರೆತುಹೋಗಿತ್ತು. ಆಕೆಗೆ ನೆನಪಿತ್ತು. ವರ್ಷದ ಹಿಂದೆ ನಾನು ಬಿಟ್ಟ ಅಧ್ಯಾಯದ ಪ್ರಸಂಗವನ್ನು ಹೇಳಿ, ಅಲ್ಲಿಂದ ಮುಂದಕ್ಕೆ ಓದಲು ಹೇಳಿದಳು. ಕಳೆದ ಎಂಟು ತಿಂಗಳಲ್ಲಿ ನಾಲ್ಕಾರು ರಾತ್ರಿ ತಪ್ಪಿರಬಹುದು. ಉಳಿದಂತೆ ಓದು ನಡೆದಿದೆ. ನನ್ನ ಸಿಡುಕು ಪೂರ್ತಿ ಹೋಗಿದೆಯೆಂದು ಹೇಳಲಾರೆ. ಓದು ಮುಗಿದ ಮೇಲೆ ಅಜ್ಜಿಯ ಬಾಯಿಂದ ಒಂದು ಹಳ್ಳಿಯ ಮಾತನ್ನು ಕೇಳಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವ ಅಭ್ಯಾಸವನ್ನೂ ಇಟ್ಟುಕೊಂಡಿದ್ದೇನೆ. ದಿನಕ್ಕೆ ಹನ್ನೊಂದಿಲ್ಲ, ಒಂದು. ಆಕೆಯ ವಯಸ್ಸನ್ನು ನೆನೆದಾಗ ಈ ಕೆಲಸವನ್ನು ಇನ್ನೂ ಮುಂಚೆ ಆರಂಭಿಸಬೇಕಾಗಿತ್ತೆಂದು ಮನಸ್ಸು ನೋಯುತ್ತದೆ.

ಮಿತ್ರರೇ, ನಮ್ಮ ಕಾಲೇಜಿನಲ್ಲಿ ನಾನಾ ಮತದವರಿದ್ದೇವೆ. ಬಸವಣ್ಣನವರ ಅನುಯಾಯಿಗಳು ದಿನದ ದುಡಿಮೆಯನ್ನೇ ಕಾಯಕವೆಂದು ಪೂಜಿಸುತ್ತಾರೆ. ನಮ್ಮ ಮುಸಲ್ಮಾನ ಸ್ನೇಹಿತರು ದಿನಕ್ಕೆ ಐದು ಹೊತ್ತು ನಮಾಜು ಮಾಡುತ್ತಾರೆ. ಮಾರ್ಗ ಯಾವುದೇ ಇರಲಿ, ಹೊತ್ತಿನ ಬೆಲೆ ಎಲ್ಲದರಲ್ಲಿಯೂ ಇದೆ. ದೇಶಕ್ಕೆಲ್ಲ ಹೊತ್ತು ತಿಳಿಸಿದ ಎಚ್.ಎಂ.ಟಿ. ಕೈಗಡಿಯಾರಗಳು 1961ರಿಂದ ನಮ್ಮ ಜಾಲಹಳ್ಳಿಯಲ್ಲಿ ತಯಾರಾದವು. ಆ ಗಡಿಯಾರದ ಉದ್ಯಮವನ್ನು 2016ರಲ್ಲಿ ಮುಚ್ಚಿದರು. ಆದರೆ ದಿವಂಗತರಾದ ನಮ್ಮ ತಾತನವರ ಗಡಿಯಾರ ಇಂದಿಗೂ ನಮ್ಮ ಮನೆಯಲ್ಲಿ ನಡೆಯುತ್ತಿದೆ; ಏಕೆಂದರೆ ಅಜ್ಜಿ ಪ್ರತಿದಿನ ಬೆಳಗಿನ ಪ್ರಾರ್ಥನೆಯಾದ ಮೇಲೆ ಅದಕ್ಕೆ ಕೀಲಿ ಕೊಡುತ್ತಾಳೆ. ಒಂದು ದಿನ ಮರೆತರೂ ಅದು ನಿಲ್ಲುತ್ತದೆ. ಕಿಟ್ಟೆಲರ ಜೀವನದಿಂದ ನಾನು ಕಲಿತ ಪಾಠವೂ ಇಷ್ಟೇ.